ದೊಡ್ಡಮಳೂರಿಗೆ ಧ್ರುವಪ್ರಭೆ ಎಷ್ಟು ದೂರ?

ಚನ್ನಪಟ್ಟಣದ ಬಳಿಯ ದೊಡ್ಡಮಳೂರಿನ ಅಪ್ರಮೇಯಸ್ವಾಮಿ ಗುಡಿಯ ಮುಂದೆ ಇರುಳಲ್ಲಿ ನಿಂತು ಉತ್ತರಕ್ಕೆ ತಿರುಗಿದರೆ ಧ್ರುವನಕ್ಷತ್ರ ದಿಗಂತದಿಂದ ಹೆಚ್ಚುಕಡಿಮೆ 12.6 ಡಿಗ್ರಿ ಮೇಲಿರುತ್ತದೆ. ಊರಿನ ಅಕ್ಷಾಂಶವೂ ಅಷ್ಟೇ. ಧ್ರುವಪ್ರಭೆಗೆ ಹೆಸರಾದ ನಾರ್ವೆಯ ಟ್ರೋಮ್ಸೊದಲ್ಲಿ ಅದೇ ನಕ್ಷತ್ರ ಸುಮಾರು 70 ಡಿಗ್ರಿ ಎತ್ತರದಲ್ಲಿ ಕಾಣುತ್ತದೆ. 2024ರ ಮೇ ತಿಂಗಳಲ್ಲಿ ಲಡಾಖಿನ ಆಕಾಶ ಕೆಂಪಾದ ಚಿತ್ರಗಳು ಎಲ್ಲರ ಮೊಬೈಲಿಗೂ ಬಂದವು. ಅಂಥದ್ದು ಚನ್ನಪಟ್ಟಣದ ಕಡೆಯವರಿಗೂ ಎಂದಾದರೂ ಕಂಡೀತೆ? ಲೆಕ್ಕ ಹಾಕಿಯೇ ಉತ್ತರ ಹೇಳಬಹುದಾದ ಪ್ರಶ್ನೆ ಇದು.

ಸೂರ್ಯನಿಂದ ಸದಾ ಹೊಮ್ಮುವ ವಿದ್ಯುದಾವಿಷ್ಟ ಕಣಗಳ ಗಾಳಿ, ಅಂದರೆ ಸೌರಮಾರುತ, ಭೂಮಿಯ ಕಾಂತಕ್ಷೇತ್ರವನ್ನು ತಾಕಿ, ಅದರಲ್ಲಿ ಶಕ್ತಿ ತುಂಬುತ್ತದೆ. ಆ ಶಕ್ತಿಯಿಂದ ವೇಗ ಪಡೆದ ಎಲೆಕ್ಟ್ರಾನುಗಳು ಕಾಂತರೇಖೆಗಳ ಗುಂಟ ಧ್ರುವಗಳ ಸುತ್ತಲಿನ ವಾತಾವರಣಕ್ಕೆ ಇಳಿಯುತ್ತವೆ. ಅವು ಬಡಿದ ಆಮ್ಲಜನಕ 100 ಕಿ.ಮೀ. ಆಸುಪಾಸಿನ ಎತ್ತರದಲ್ಲಿ ಹಸಿರಾಗಿ, 200 ಕಿ.ಮೀ.ಗಿಂತ ಮೇಲೆ ಕೆಂಪಾಗಿ ಹೊಳೆಯುತ್ತದೆ. ಅದೇ ಧ್ರುವಪ್ರಭೆ. ನಮ್ಮ ತೊಂದರೆ ಬರೀ ಅಕ್ಷಾಂಶದ್ದಲ್ಲ. ಭೂಮಿಯ ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಮೇಲೆಯೇ ಹಾದುಹೋಗುತ್ತದೆ. ಹಾಗಾಗಿ ನಮ್ಮ ನೆತ್ತಿಯ ಮೇಲೆ ಕಾಂತರೇಖೆಗಳು ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಮಲಗಿವೆ. ಕಣಗಳು ಕೆಳಗಿಳಿಯಲು ದಾರಿಯೇ ಇಲ್ಲ.

ಲಡಾಖಿನ ಹಾನ್ಲೆಯ ಕಥೆ ಬೇರೆ. ಅಲ್ಲಿನ ಖಗೋಳ ವೀಕ್ಷಣಾಲಯ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಗೆ ಸೇರಿದ್ದು. ಅಲ್ಲಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಮ್ಮ ಹೊಸಕೋಟೆಯಿಂದಲೇ ನಡೆಸುತ್ತಾರೆ. ಇಡೀ ಆಕಾಶವನ್ನು ಒಟ್ಟಿಗೇ ಸೆರೆಹಿಡಿಯುವ ಅಲ್ಲಿನ ಕ್ಯಾಮೆರಾ 2023ರ ಏಪ್ರಿಲ್‌ನಲ್ಲೊಮ್ಮೆ ಈ ಕೆಂಪನ್ನು ಹಿಡಿದಿತ್ತು. 2024ರ ಮೇ 10ರ ನಡುರಾತ್ರಿ ಕಳೆದ ಮೇಲೆ ಮತ್ತೆ ಹಿಡಿಯಿತು, ಅದೇ ವರ್ಷ ಅಕ್ಟೋಬರ್‌ನಲ್ಲಿ ಇನ್ನೊಮ್ಮೆ. ಸೌರಮಾರುತದ ಹೊಡೆತಕ್ಕೆ ಭೂಮಿಯ ಕಾಂತಕ್ಷೇತ್ರ ಕದಡುವುದೇ ಭೂಕಾಂತೀಯ ಬಿರುಗಾಳಿ; ಮೇ ತಿಂಗಳದ್ದು 2003ರ ನಂತರದ ಅತಿ ಪ್ರಬಲ ಬಿರುಗಾಳಿ. ಕಂಡ ಬೆಳಕು ಮಾತ್ರ ಟ್ರೋಮ್ಸೊದ ನಲಿಯುವ ಹಸಿರು ಪರದೆಯಲ್ಲ, ಅಲುಗದ ಕೆಂಪು ಕಮಾನು. ಬಿರುಗಾಳಿ ಎದ್ದಾಗ ಭೂಮಿಯನ್ನು ಬಳಸಿ ಹರಿಯುವ ವಿದ್ಯುತ್ ಪ್ರವಾಹದ ಶಕ್ತಿ ಕೆಳಗೆ ಸೋರಿ ಅಲ್ಲಿನ ಎಲೆಕ್ಟ್ರಾನುಗಳನ್ನು ಕಾಯಿಸುತ್ತದೆ. ಅವು ಸುಮಾರು 400 ಕಿ.ಮೀ. ಎತ್ತರದ ಆಮ್ಲಜನಕವನ್ನು ಹೊಳೆಯಿಸುತ್ತವೆ. ವಿಜ್ಞಾನಿಗಳು ಇದನ್ನು ಧ್ರುವಪ್ರಭೆಯಿಂದ ಬೇರೆ ಮಾಡಿಯೇ ನೋಡುತ್ತಾರೆ.

ಈಗ ಲೆಕ್ಕ. ಭೂಮಿ ಗುಂಡಗಿರುವುದರಿಂದ 400 ಕಿ.ಮೀ. ಎತ್ತರದ ಬೆಳಕು ಹೆಚ್ಚೆಂದರೆ 2200 ಕಿ.ಮೀ. ದೂರದವರ ಕಣ್ಣಿಗೆ ಬೀಳುತ್ತದೆ. ದೊಡ್ಡಮಳೂರಿನಿಂದ ಹಾನ್ಲೆಗೂ ಸರಿಸುಮಾರು ಅಷ್ಟೇ ದೂರ. ಅಂದರೆ ಆ ಕೆಂಪು ಹಾನ್ಲೆಯ ನೆತ್ತಿಗೇ ಬಂದರೂ ನಮಗೆ ದಿಗಂತದ ಅಂಚನ್ನು ಮುಟ್ಟೀತು, ಅಷ್ಟೇ. ದೂಳು, ಮನೆಮರ, ಹೆದ್ದಾರಿಯ ದೀಪಗಳನ್ನು ಮೀರಿ ಹತ್ತಿಪ್ಪತ್ತು ಡಿಗ್ರಿ ಮೇಲೆ ಕಾಣಬೇಕಾದರೆ ಅದು ನಾಗಪುರದ ನೆತ್ತಿಗಾದರೂ ಇಳಿಯಬೇಕು. ಅಂಥದ್ದಕ್ಕೆ ಹತ್ತಿರದ್ದೊಂದು ನಡೆದಿದೆ. 1872ರ ಫೆಬ್ರವರಿ 4ರ ಬಿರುಗಾಳಿಯಲ್ಲಿ ಮುಂಬೈಯಲ್ಲೂ ಧ್ರುವಪ್ರಭೆ ಕಂಡಿತೆಂದು ಅಂದಿನ ಪತ್ರಿಕೆ ವರದಿ ಮಾಡಿತ್ತು. ಮುಂಬೈ-ಏಡನ್ ನಡುವಿನ ತಂತಿ ಸಂಪರ್ಕವೂ ಕೆಟ್ಟಿತ್ತು.

ಬಣ್ಣಗಳ ನಿಜವಾದ ಕುಣಿತ ನೋಡಲೇಬೇಕೆನ್ನುವವರು ದೂರ ಹೋಗಬೇಕು: ಟ್ರೋಮ್ಸೊ, ಫಿನ್ಲೆಂಡಿನ ರೊವಾನಿಯೆಮಿ, ಐಸ್‌ಲ್ಯಾಂಡ್, ಕೆನಡಾದ ಯೆಲ್ಲೋನೈಫ್, ಅಲಾಸ್ಕಾದ ಫೇರ್‌ಬ್ಯಾಂಕ್ಸ್. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋದರೆ ನಿರಾಸೆಯೇ ಗತಿ, ಮೇ-ಜೂನ್‌ನಲ್ಲಿ ಅಲ್ಲಿ ಸರಿಯಾಗಿ ಕತ್ತಲೇ ಆಗುವುದಿಲ್ಲ. ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ಸರಿಯಾದ ಕಾಲ. ಅದರಲ್ಲೂ ಹಗಲಿರುಳು ಸಮವಾಗುವ ಸೆಪ್ಟೆಂಬರ್ ಮತ್ತು ಮಾರ್ಚ್‌ಗಳಲ್ಲಿ ಸೌರಮಾರುತದ ಕಾಂತಕ್ಷೇತ್ರ ಭೂಮಿಯದರ ಜೊತೆ ಸುಲಭವಾಗಿ ಬೆಸೆದುಕೊಳ್ಳುವುದರಿಂದ ಬಿರುಗಾಳಿಗಳು ಹೆಚ್ಚು. ಅಮಾವಾಸ್ಯೆಯ ಆಸುಪಾಸಿಗೆ ಟಿಕೆಟ್ ತೆಗೆಯಿರಿ, ಒಂದೇ ಇರುಳಿಗೆ ನೆಚ್ಚಿಕೊಳ್ಳಬೇಡಿ. ಮೋಡ ಎಲ್ಲವನ್ನೂ ಕೆಡಿಸುತ್ತದೆ. ಹನ್ನೊಂದು ವರ್ಷಗಳ ಸೌರಚಕ್ರದ ಉತ್ತುಂಗ 2024ರ ಹೊತ್ತಿಗೆ ಬಂತಾದರೂ ಇಳಿಗಾಲದಲ್ಲೂ ದೊಡ್ಡ ಬಿರುಗಾಳಿಗಳು ಏಳುತ್ತವೆ. 2003ರದ್ದು ಹಾಗೇ ಬಂದದ್ದು.

ಬಿರುಗಾಳಿಯ ಸುದ್ದಿ ಮೊದಲು ತಲುಪುವ ಜಾಗಗಳಲ್ಲೊಂದು ನಮ್ಮ ನೆರೆಯಲ್ಲೇ ಇದೆ. ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದಲ್ಲಿ ನಿಂತಿರುವ ಆದಿತ್ಯ-ಎಲ್1 ನೌಕೆಯ ಮಾತನ್ನು ಬಿಡದಿ ಕಡೆಯ ಬ್ಯಾಲಾಳಿನ ಇಸ್ರೋ ಆಂಟೆನಾಗಳು ಕೇಳಿಸಿಕೊಳ್ಳುತ್ತವೆ. ಸೆಕೆಂಡಿಗೆ 700 ಕಿ.ಮೀ. ವೇಗದ ಮಾರುತ ನೌಕೆಯನ್ನು ದಾಟಿ ಭೂಮಿಗೆ ಬರಲು ಸುಮಾರು 36 ನಿಮಿಷ ಸಾಕು. 2024ರ ಮೇ ಬಿರುಗಾಳಿಯನ್ನು ಆದಿತ್ಯ ಅಳೆದಿದೆ.

ಇನ್ನೊಂದು ಮಾತನ್ನು ಹೇಳಲೇಬೇಕು. ಬಿರುಗಾಳಿ ಇರಲಿ ಬಿಡಲಿ, ಅದೇ ಆಮ್ಲಜನಕ ಅದೇ ಹಸಿರು, ಅದೇ ಕೆಂಪು ಬಣ್ಣದಲ್ಲಿ ದೊಡ್ಡಮಳೂರಿನ ಮೇಲೆ ದಿನಾ ರಾತ್ರಿ ಹೊಳೆಯುತ್ತಿರುತ್ತದೆ. ಹಗಲೆಲ್ಲ ಹೀರಿದ ಬಿಸಿಲಿನ ಶಕ್ತಿಯನ್ನು ಮೇಲಿನ ವಾತಾವರಣ ಇರುಳಲ್ಲಿ ಬಿಟ್ಟುಕೊಡುವ ಬಗೆ ಅದು. ಬರಿಗಣ್ಣಿಗೆ ತೀರಾ ಮಂಕು. ಕೊಲ್ಹಾಪುರದಲ್ಲಿ ವಿಜ್ಞಾನಿಗಳು ವಿಶೇಷ ಕ್ಯಾಮೆರಾ ಇಟ್ಟು ಈ ಕೆಂಪು ಬೆಳಕಿನ ಚಿತ್ರ ತೆಗೆಯುತ್ತಾರೆ. ಅದರಲ್ಲಿ ಕಾಣುವ ಕಪ್ಪು ಪಟ್ಟೆಗಳೇ ಜಿಪಿಎಸ್ ಸಂಕೇತಗಳನ್ನು ತಡವರಿಸುವಂತೆ ಮಾಡುವ ಪ್ಲಾಸ್ಮಾ ಗುಳ್ಳೆಗಳು.