ಚೆನ್ನಾಗಿರುವ ರಸ್ತೆಗೇ ಮೊದಲು ಡಾಂಬರು ಯಾಕೆ?

ಊರಿನಿಂದ ಅಕ್ಸ್‌ಬ್ರಿಡ್ಜ್‌ಗೆ ಬರುವ ಹಿರಿಯರು ನಮ್ಮನ್ನು ಕೇಳುವ ಪ್ರಶ್ನೆಯೊಂದಿದೆ: 'ಗುಂಡಿ ಬಿದ್ದ ರಸ್ತೆ ಬಿಟ್ಟು ಇಷ್ಟು ಚೆನ್ನಾಗಿರೋದಕ್ಕೆ ಯಾಕಪ್ಪ ಡಾಂಬರು ಹಾಕ್ತಿದ್ದಾರೆ?' ಕಂಟ್ರಾಕ್ಟರ್ ಜೊತೆ ಏನೋ ಒಳಒಪ್ಪಂದ ಎಂಬ ಗುಮಾನಿ ಅವರದು. ಲೆಕ್ಕ ಬರೆದು ಬದುಕುವ ನಮಗೆ ಮಾತ್ರ ಇದು ಒಪ್ಪುವ ಲೆಕ್ಕವೇ.

ಇಂಗ್ಲೆಂಡಿನ ಎ, ಬಿ, ಸಿ ದರ್ಜೆಯ ರಸ್ತೆಗಳಲ್ಲಿ 'ಸ್ಕ್ಯಾನರ್' ಸಮೀಕ್ಷೆಯ ವಾಹನಗಳು ಓಡುತ್ತವೆ. ಟ್ರಾಫಿಕ್ ನಿಲ್ಲಿಸುವುದಿಲ್ಲ, ಇತರ ಗಾಡಿಗಳ ಜೊತೆಗೇ ಸಾಗುತ್ತ, ಲೇಸರ್‌ನಿಂದ ಬಿರುಕು, ಚಕ್ರ ಹರಿದು ತಗ್ಗಾದ ಜಾಡು, ಉಬ್ಬುತಗ್ಗು, ಮೇಲ್ಮೈಯ ಒರಟುತನ ಅಳೆಯುತ್ತವೆ. ಪ್ರತಿ 10 ಮೀಟರಿಗೊಂದು ಅಂಕ. 40ಕ್ಕಿಂತ ಕಡಿಮೆ ಇದ್ದರೆ ಹಸಿರು, 100 ಮುಟ್ಟಿದರೆ ಕೆಂಪು, ನಡುವಿನದು ಹಳದಿ. ಮನೆ ಮುಂದಿನ ಸಣ್ಣ ರಸ್ತೆಗಳನ್ನು ಬಹುಮಟ್ಟಿಗೆ ಪರಿವೀಕ್ಷಕರೇ ಕಣ್ಣಾರೆ ನೋಡಿ ದಾಖಲಿಸುತ್ತಾರೆ.

ಗುಟ್ಟು ಇರುವುದು ಹಳದಿಯಲ್ಲಿ. ಬಿರುಕಿನೊಳಗೆ ನೀರು ಇಳಿದು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿದರೆ ರಸ್ತೆ ಒಳಗಿನಿಂದಲೇ ಒಡೆಯುತ್ತದೆ. ಅದಕ್ಕೆ ಮೊದಲೇ ತೆಳುವಾಗಿ ಡಾಂಬರು, ಜಲ್ಲಿ ಹಾಸಿದರೆ ಸಾಕು, ಹಲವು ವರ್ಷ ಬಾಳುತ್ತದೆ. ಕೆಂಪಿಗಿಳಿದ ಮೇಲೆ ಅಗೆದು ಕಟ್ಟಬೇಕು. ಆ ಖರ್ಚೇ ಬೇರೆ. ಕೆಟ್ಟದ್ದನ್ನಷ್ಟೇ ರಿಪೇರಿ ಮಾಡುತ್ತ ಕೂತರೆ ಹಳದಿಯೆಲ್ಲ ಕೆಂಪಾಗುತ್ತದೆ.

2024ರಲ್ಲಿ ಬಂದ ಪಿಎಎಸ್ 2161 ಎಂಬ ಮಾನದಂಡದಲ್ಲಿ ಮೂರು ಬಣ್ಣದ ಬದಲು ಐದು ವರ್ಗಗಳಿವೆ. ಬೇರೆ ಬೇರೆ ತಂತ್ರಜ್ಞಾನದಿಂದ ಪಡೆದ ಮಾಹಿತಿಯನ್ನೂ ಒಂದೇ ಅಳತೆಗೋಲಿಗೆ ತರುವುದು ಇದರ ಉದ್ದೇಶ.

ಹಾಗೆಂದು ಗುಂಡಿಗಳನ್ನು ಬಿಟ್ಟುಬಿಡುತ್ತಾರೆಂದಲ್ಲ. ಅದು ಬೇರೆ ಖಾತೆ. 1980ರ ಹೆದ್ದಾರಿ ಕಾಯ್ದೆಯ 41ನೇ ಕಲಂ ರಸ್ತೆಯನ್ನು ಸುಸ್ಥಿತಿಯಲ್ಲಿಡುವ ಹೊಣೆಯನ್ನು ಆಡಳಿತದ ಮೇಲೆ ಹೊರಿಸಿದೆ. ಆದರೆ 58ನೇ ಕಲಂ ಗಮನಿಸಿ: ಸಕಾಲಕ್ಕೆ ತಪಾಸಣೆ ನಡೆಸಿದ್ದೆವು, ಗುಂಡಿಯ ವಿಷಯ ತಿಳಿದಿರಲಿಲ್ಲ ಎಂದು ಸಾಬೀತುಪಡಿಸಿದರೆ ಕೌನ್ಸಿಲ್ ಪರಿಹಾರ ಕೊಡಬೇಕಿಲ್ಲ. ಯಾರಾದರೂ ಮೊದಲೇ ದೂರು ಕೊಟ್ಟಿದ್ದು ದಾಖಲೆಯಲ್ಲಿದ್ದರೆ 'ತಿಳಿದಿರಲಿಲ್ಲ' ಎನ್ನುವುದು ಕಷ್ಟ.

ಬೆಂಗಳೂರಿನಲ್ಲೂ ಗುಂಡಿಯಿಂದ ಹಾನಿಯಾದವರು ಪರಿಹಾರ ಕೇಳಬಹುದೆಂದು 2019ರಲ್ಲಿ ಹೈಕೋರ್ಟ್ ಹೇಳಿದೆ. ಕೇಳುವವರ ಕೈಯಲ್ಲಿ ದಾಖಲೆ ಇರಬೇಕಷ್ಟೆ.

ಇಲ್ಲಿಗೆ ಹೊಸದಾಗಿ ಬಂದು ಕಾರು ಕೊಂಡ ನಿಮ್ಮ ಮಕ್ಕಳಿಗೆ ಇಷ್ಟು ಹೇಳಿ: ಗುಂಡಿ ಕಂಡರೆ ಕೌನ್ಸಿಲ್‌ಗೆ ತಿಳಿಸಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಲಿ. ಟೈರೋ ರಿಮ್ಮೋ ಹಾಳಾದರೆ, ಅಪಾಯವಿಲ್ಲದ ಕಡೆ ನಿಂತು ಜಾಗದ ಫೋಟೋ ತೆಗೆಯಲಿ, ಗ್ಯಾರೇಜಿನ ಬಿಲ್ ಎಸೆಯದಿರಲಿ.