ಬೆನ್ನಿಗೇಕೆ ಕೆಸರು?

ಮಕ್ಕಳೇ, ಮಡ್‌ಗಾರ್ಡ್ ಇಲ್ಲದ ಸೈಕಲ್ಲನ್ನು ಮಳೆಯಲ್ಲಿ ತುಳಿದರೆ ಬೆನ್ನೆಲ್ಲಾ ಕೆಸರು. ಏಕೆ ಗೊತ್ತೆ? ತಿರುಗುವ ಚಕ್ರದಿಂದ ಬಿಟ್ಟ ಹನಿಯು ಸ್ಪರ್ಶರೇಖೆಯ ದಿಕ್ಕಿನಲ್ಲಿ ಹಾರುತ್ತದೆ. ಚಕ್ರದ ಹಿಂಬದಿ ಮೇಲಕ್ಕೇರುತ್ತಿರುತ್ತದೆ. ಹಾಗಾಗಿ ಹನಿಯೂ ಮೇಲಕ್ಕೆ ಸಿಡಿಯುತ್ತದೆ. ಗಂಟೆಗೆ 25 ಕಿ.ಮೀ. ವೇಗವಿದ್ದರೆ, ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದಾಗ, ಅದು 2 ಮೀಟರಿಗೂ ಹೆಚ್ಚು ಏರಬಲ್ಲದು!

ಬೆಟ್ಟದ ದಾರಿಗೆಂದೇ ಮಾಡಿದ ವಿದ್ಯುತ್ ಸೈಕಲ್ಲಿನ ಟೈರು ದಪ್ಪ. ಅದರ ಹಿಂದಿನ ಮಡ್‌ಗಾರ್ಡ್ ಟೈರಿಗಿಂತ ಅಗಲವಿರಬೇಕು. ಸೀಟಿನ ಕೆಳಗಿನಿಂದ ಚಕ್ರದ ಹಿಂಬದಿಯವರೆಗೆ ಬಾಗಿರಬೇಕು. ಹಿಂದೆ ಸ್ಪ್ರಿಂಗ್ ಇದ್ದರೆ, ಸೀಟು ಪೂರ್ತಿ ತಗ್ಗಿದಾಗಲೂ ಟೈರು ತಾಗದಷ್ಟು ಅಂತರ ಬೇಕು. ತಾಗಿದರೆ ಚಕ್ರ ಸಿಕ್ಕಿಕೊಂಡು ಸವಾರ ಬಿದ್ದಾನು.

ಮಾಡಿ ನೋಡಿ: ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಹಿಂದಿನ ಟೈರು ಒದ್ದೆಮಾಡಿ, ಪೆಡಲು ತಿರುಗಿಸಿ. ಹನಿಗಳ ದಾರಿ ಗಮನಿಸಿ. ಬೆರಳುಗಳು ಕಡ್ಡಿಗಳಿಂದ ದೂರವಿರಲಿ.