ಹೊಳೆಯ ದಡದ ಕೊರೆತವನ್ನು ಮುಂದಾಗಿ ಅರಿಯುವ ಕ್ರಮ

ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿಯು ಗೌರಿಬಿದನೂರಿನ ಮಾರ್ಗವಾಗಿ ಹರಿದು, ನೆಲ್ಲೂರಿನ ಕರಾವಳಿಯ ಬಯಲಿನಲ್ಲಿ ಸಮುದ್ರವನ್ನು ಸೇರುವುದು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ತಾಲ್ಲೂಕುಗಳ ಹಳ್ಳಗಳೂ ಇದರಂತೆಯೇ ವರ್ಷದ ಬಹುಭಾಗ ಒಣಗಿದ್ದು, ದೊಡ್ಡ ಮಳೆ ಬಿದ್ದಾಗ ಒಮ್ಮೆಲೇ ತುಂಬುವುವು. ಹೊಳೆ ಒಣಗಿದೆಯೆಂದು ದಡವನ್ನು ಮರೆತಿರುವುದು ಸರಿಯಲ್ಲ. 2021ನೆಯ ನವೆಂಬರ್ ತಿಂಗಳ ಮಳೆಗೆ ಪಿನಾಕಿನಿಯು ತುಂಬಿ ಹರಿದುದು ಎಲ್ಲರಿಗೂ ತಿಳಿದ ವಿಷಯವೇ ಆಗಿದೆ. ಹೊಳೆಯ ಪಾಲಾದ ಭೂಮಿಯು ಹಿಂದಕ್ಕೆ ಬಾರದು. ಆದರೆ ಕುಸಿಯತಕ್ಕ ದಡವು ತನ್ನ ಗುರುತುಗಳನ್ನು ಮೊದಲೇ ತೋರಿಸುವುದು.

ಕೊರೆತವು ಎರಡು ಬಗೆಯಾಗಿ ನಡೆಯುವುದು. ಪ್ರವಾಹವು ದಡದ ಬುಡದ ಮಣ್ಣನ್ನು ಕೊಚ್ಚಿ ಪೊಟರೆ ಮಾಡುವುದು ಮೊದಲನೆಯದು. ನೀರು ಇಳಿದ ಮೇಲೆ, ನೆನೆದು ಭಾರವಾದ ದಡವು ಆಸರೆ ತಪ್ಪಿ ಹೆಂಟೆಹೆಂಟೆಯಾಗಿ ಬೀಳುವುದು ಎರಡನೆಯದು. ಆದುದರಿಂದ ಪ್ರವಾಹ ಇಳಿಯಿತೆಂದು ಕೂಡಲೇ ದಡದ ಅಂಚಿಗೆ ದನಗಳನ್ನು ಬಿಡಕೂಡದು.

ಅಮೇರಿಕಾ ದೇಶದ ಡೇವಿಡ್ ರಾಸ್ಗೆನ್ ಎಂಬವರು 2001ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ದಡದ ಎತ್ತರ, ಇಳಿಜಾರು, ಬೇರುಗಳ ಆಳ ಮತ್ತು ದಟ್ಟಣೆ, ಮೇಲ್ಮೈಯ ಹೊದಿಕೆ, ಮಣ್ಣಿನ ಗುಣ ಇವುಗಳನ್ನು ಪರೀಕ್ಷಿಸಿ ಅಪಾಯವನ್ನು ಅಳೆಯುವರು. ಎತ್ತರವಾಗಿ ಗೋಡೆಯಂತೆ ನಿಂತ ದಡ, ಬೇರುಗಳು ಬುಡದವರೆಗೆ ಇಳಿಯದ ದಡ, ಜೇಡಿಯ ಕೆಳಗೆ ಮರಳಿನ ಪದರವುಳ್ಳ ದಡ, ತಿರುವಿನ ಹೊರಮಗ್ಗುಲಿನ ದಡ, ಅಂಚಿಗೆ ಸಮಾನಾಂತರವಾಗಿ ಬಿರುಕು ಬಿಟ್ಟ ದಡ ಇವು ಹೆಚ್ಚು ಅಪಾಯಕರವಾದುವು. ಪಾತ್ರದಿಂದ ಮರಳು ತೆಗೆದಷ್ಟೂ ತಳವು ಇಳಿದು ದಡದ ಎತ್ತರವು ಹೆಚ್ಚುವುದೆಂಬುದನ್ನು ಗ್ರಾಮಮುಖ್ಯರು ಮುಖ್ಯವಾಗಿ ಗಮನಿಸತಕ್ಕದ್ದು.

ಗುರುತುಗಳು ಒಂದೇ ಆಗಿದ್ದರೂ ಕೊರೆತದ ಪ್ರಮಾಣವು ಸೀಮೆಯಿಂದ ಸೀಮೆಗೆ ಬೇರೆಯಾಗುವುದು. ಕರಾವಳಿಯ ಮೆಕ್ಕಲು ಮಣ್ಣಿನ ಲೆಕ್ಕವು ನಮ್ಮ ಕೆಂಪು ಮಣ್ಣಿಗೆ ಒಪ್ಪಲಾರದು. ಆದಕಾರಣ ಆಯಾ ಊರಿನಲ್ಲಿಯೇ ಅಳೆಯುವುದು ಉತ್ತಮ. ಮಳೆಗಾಲಕ್ಕೆ ಮುಂಚೆ ಸುಮಾರು 3 ಅಡಿ ಉದ್ದದ ಕಬ್ಬಿಣದ ಸರಳುಗಳನ್ನು ದಡದ ಮುಖದಲ್ಲಿ ಮೇಲೆ, ನಡುವೆ, ಕೆಳಗೆ ಅಡ್ಡಲಾಗಿ ಪೂರ್ತಿ ಹೊಡೆಯಬೇಕು. ಪ್ರತಿ ಪ್ರವಾಹದ ನಂತರ ದಡವು ಒಣಗಿದ ಮೇಲೆ ಸರಳು ಎಷ್ಟು ಹೊರಬಂದಿದೆಯೆಂದು ಅಳೆದು ಬರೆದಿಡಬೇಕು. 363 ಅಡಿ ಉದ್ದದ ದಡವು 3 ಅಡಿ ಹಿಂದೆ ಸರಿದರೆ ನಷ್ಟವಾದ ಭೂಮಿಯು 1,089 ಚದರಡಿ, ಅಂದರೆ ಸರಿಯಾಗಿ 1 ಗುಂಟೆ. ಎರಡು ಮೂರು ವರ್ಷಗಳ ಲೆಕ್ಕವಿದ್ದರೆ ಮುಂದಿನ ನಷ್ಟವನ್ನು ಊಹಿಸಬಹುದು.

ಅಪಾಯದ ಜಾಗಗಳಲ್ಲಿ ಅಂಚಿನವರೆಗೆ ಉಳುವುದನ್ನು ಬಿಟ್ಟು, ಹೊಂಗೆ, ಬಿದಿರು, ಲಕ್ಕಿಗಿಡ, ಲಾವಂಚ ಇವುಗಳನ್ನು ಬೆಳೆಸಬೇಕು. ಹೊಲದ ನೀರು ದಡದ ಮೇಲಿಂದ ಧುಮುಕದಂತೆ ಕಲ್ಲು ಹಾಸಿದ ಕಾಲುವೆಯ ಮೂಲಕ ಇಳಿಸಬೇಕು. ಒಬ್ಬರ ಜಮೀನಿನ ಬಳಿ ಮಾತ್ರ ಕಲ್ಲುಕಟ್ಟಡ ಮಾಡಿದರೆ ಪ್ರವಾಹದ ಹೊಡೆತವು ಕೆಳಗಿನವರ ಭೂಮಿಗೆ ಬೀಳಬಹುದು. ಈ ಕಾರಣದಿಂದ ಎರಡು ದಡಗಳ ಭೂಮಾಲೀಕರೂ ಕೂಡಿ, ಸೆಪ್ಟೆಂಬರ್ ಅಕ್ಟೋಬರ್ ತಿಂಗಳ ದೊಡ್ಡ ಮಳೆಗಳಿಗೆ ಮೊದಲೇ ಹೊಳೆಯನ್ನು ಒಮ್ಮೆ ನಡೆದು ನೋಡಿ, ಅಪಾಯದ ಜಾಗಗಳನ್ನು ಗೊತ್ತುಮಾಡಿಕೊಳ್ಳುವುದು ಯೋಗ್ಯವಾಗಿದೆ.